ಹಳೆಯ ಮಸೂರವೂ ಪರಿಗ್ರಹದ ಲೆಕ್ಕವೂ

ಮನುಷ್ಯ ನಿರ್ಮಿಸಿದ ವಸ್ತುಗಳೆಲ್ಲವೂ ಒಂದೇ ವೇಗದಲ್ಲಿ ಮುಪ್ಪಾಗುವುದಿಲ್ಲ. ರೀಲು ಹಾಕಿ ಚಿತ್ರ ತೆಗೆಯುತ್ತಿದ್ದ ಕ್ಯಾಮೆರಾಗಳ ಕಾಲ ಬಹುಮಟ್ಟಿಗೆ ಮುಗಿದಿದೆ. ಆದರೆ ಅವುಗಳ ಮುಂಭಾಗದಲ್ಲಿದ್ದ ಮಸೂರಕ್ಕೆ, ಎಂದರೆ ಎಲ್ಲರೂ ಲೆನ್ಸ್ ಎನ್ನುವ ಗಾಜಿಗೆ, ಇನ್ನೂ ಮುಪ್ಪು ಬಂದಿಲ್ಲ. ಬೆಳ್ಳಾವಿ, ಗುಬ್ಬಿ, ಕುಣಿಗಲ್‌ಗಳಂತಹ ಊರುಗಳಲ್ಲಿ ಹಿಂದೆ ಸ್ಟುಡಿಯೋ ನಡೆಸಿದವರ ಬೀರುಗಳಲ್ಲಿ ಇಂತಹ ಮಸೂರಗಳು ಉಳಿದಿರುವುದುಂಟು. ಈಗಿನ ಆಸಕ್ತ ತರುಣರು ಅವುಗಳನ್ನು ಹೊರತೆಗೆದು ಹೊಸ ಡಿಜಿಟಲ್ ಕ್ಯಾಮೆರಾಗಳಿಗೆ ಜೋಡಿಸುತ್ತಾರೆ. ಇದು ಮಿತವ್ಯಯವೋ, ವ್ಯಾಮೋಹವೋ? ಶ್ರಾವಕನ ದೃಷ್ಟಿಯಿಂದ ಈ ಪ್ರಶ್ನೆ ವಿಚಾರಾರ್ಹವಾದುದು.

ಬೆಳ್ಳಾವಿಯ ಹೆಸರನ್ನು ತಮ್ಮ ಹೆಸರಿನೊಡನೆ ನಾಡಿಗೆಲ್ಲ ಪರಿಚಯಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿದವರು. 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯ ಮೂಲಕ ಕನ್ನಡಿಗರಿಗೆ ವಿಜ್ಞಾನವನ್ನು ಕನ್ನಡದಲ್ಲಿಯೇ ತಿಳಿಸಿದವರು. ಜೈನ ಮಹಾಕವಿ ಪಂಪನ ಭಾರತವನ್ನು ಸಂಪಾದಿಸಿದವರೂ ಅವರೇ. ತಾಳೆಗರಿಯ ಕಾವ್ಯ ಅಚ್ಚಿನ ಪುಸ್ತಕವಾದಾಗ ಅದರ ಆಶ್ರಯ ಬದಲಾಯಿತೇ ಹೊರತು ಕಾವ್ಯ ಬದಲಾಗಲಿಲ್ಲ. ಅವರ ಕಾಲದ ತರಗತಿಗಳಲ್ಲಿ ಕಲಿಸುತ್ತಿದ್ದ ವಕ್ರೀಭವನದ ನಿಯಮವೂ ಹಾಗೆಯೇ. ಗಾಜಿನಲ್ಲಿ ಬೆಳಕು ಬಾಗುವ ಬಗೆ ಅಂದಿನಂತೆಯೇ ಇದೆ. ಬದಲಾಗಿರುವುದು ಆ ಬೆಳಕನ್ನು ಹಿಡಿದಿಡುವ ಸಾಧನ.

ಜೋಡಣೆಯ ಲೆಕ್ಕ ಸರಳವಾದುದು. ಸೋವಿಯತ್ ಒಕ್ಕೂಟದ ಜೆನಿಟ್ ಕ್ಯಾಮೆರಾದೊಂದಿಗೆ ಬರುತ್ತಿದ್ದ 58 ಮಿ.ಮೀ. ಹೀಲಿಯೋಸ್, ಜಪಾನಿನ ಸೂಪರ್ ತಕುಮಾರ್ ಮೊದಲಾದವು 42 ಮಿ.ಮೀ. ವ್ಯಾಸದ ತಿರುಪಿನವು. ಈ ಬಗೆಯ ಮಸೂರದ ಪೀಠ ಫಿಲ್ಮಿನಿಂದ 45.46 ಮಿ.ಮೀ. ದೂರದಲ್ಲಿರಬೇಕು. ಒಳಗಿನ ಕನ್ನಡಿಯನ್ನು ಕೈಬಿಟ್ಟ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ, ಉದಾಹರಣೆಗೆ ಸೋನಿ ಸಂಸ್ಥೆ 2010ರಲ್ಲಿ ತಂದ ಮಾದರಿಯಲ್ಲಿ, ಈ ದೂರ 18 ಮಿ.ಮೀ. ಮಾತ್ರ. ನಡುವಿನ 27.46 ಮಿ.ಮೀ. ಅಂತರವನ್ನು ಅಡಾಪ್ಟರ್ ಎಂಬ ಟೊಳ್ಳು ಲೋಹದ ಬಳೆ ತುಂಬಿಕೊಡುತ್ತದೆ. ಫೋಕಸ್ ಮಾಡುವುದು, ಬೆಳಕಿನ ರಂಧ್ರವನ್ನು ಹಿಗ್ಗಿಸಿ ಕುಗ್ಗಿಸುವುದು ಕೈಯ ಕೆಲಸ. ಹೀಗೆ ಒಂದು ಒಳ್ಳೆಯ ವಸ್ತು ಕಸವಾಗದೆ ಉಳಿಯುತ್ತದೆ. ಹೊಸತೊಂದನ್ನು ಕೊಳ್ಳುವ ಅಗತ್ಯವೂ ತಪ್ಪುತ್ತದೆ.

ಇದಕ್ಕಿಂತ ಗಹನವಾದ ಇನ್ನೊಂದು ಲಾಭವಿದೆ. 1871ರಲ್ಲಿ ಇಂಗ್ಲೆಂಡಿನ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ವೈದ್ಯನು ಛಾಯಾಚಿತ್ರದ ಫಲಕಕ್ಕೆ ಜೆಲಟಿನ್ ಲೇಪನವನ್ನು ಸೂಚಿಸಿದನು. ಅಂದಿನಿಂದ ಫಿಲ್ಮಿನ ಬೆಳ್ಳಿಯ ಲವಣಗಳನ್ನು ಹಿಡಿದಿಡುವ ಲೇಪನ ಜೆಲಟಿನ್ನಿನದೇ. ದನ ಮೊದಲಾದ ಪ್ರಾಣಿಗಳ ಮೂಳೆ ಹಾಗೂ ಚರ್ಮಗಳಿಂದ ಅದನ್ನು ತೆಗೆಯುತ್ತಾರೆ. ಪಂಚಕಲ್ಯಾಣದ ಚಿತ್ರವಿರಲಿ, ಮುನಿಗಳ ವಿಹಾರದ ಚಿತ್ರವಿರಲಿ, ರೀಲಿನ ಕಾಲದಲ್ಲಿ ಅವೆಲ್ಲವೂ ಈ ಲೇಪನದ ಮೇಲೆಯೇ ಮೂಡಿದವು. ಡಿಜಿಟಲ್ ಕ್ಯಾಮೆರಾದಲ್ಲಿ ಬೆಳಕು ಬೀಳುವುದು ಸಿಲಿಕಾನ್ ಮೇಲೆ. ಆದ್ದರಿಂದ ಹಳೆಯ ಮಸೂರ ಹೊಸ ಕ್ಯಾಮೆರಾವನ್ನು ಸೇರಿದಾಗ ಗಾಜು ಉಳಿದು ಜೆಲಟಿನ್ ಬಿಟ್ಟುಹೋಗುತ್ತದೆ. ಬ್ಯಾಟರಿಗೂ ಬಿಡಿಭಾಗಗಳಿಗೂ ಗಣಿಯ ಅಗೆತ ಬೇಕೆಂಬುದನ್ನು ಮರೆಯುವಂತಿಲ್ಲ. ಇದು ಹಿಂಸೆಯ ಇಳಿಕೆಯೇ ಹೊರತು ಅದರ ಅಭಾವವಲ್ಲ. ಗೃಹಸ್ಥನಿಗೆ ಈ ಇಳಿಕೆಯೂ ಅಲ್ಪವಾದುದಲ್ಲ.

ಇಷ್ಟಕ್ಕೇ ತೃಪ್ತಿಪಟ್ಟರೆ ವಿಚಾರ ಅರ್ಧದಲ್ಲಿ ನಿಂತಂತಾಗುತ್ತದೆ. ಹಳೆಯ ಮಸೂರಗಳಲ್ಲಿ ಎಷ್ಟೋ ಹೊಸದಕ್ಕಿಂತ ಅಗ್ಗವಾಗಿ ದೊರೆಯುತ್ತವೆ. ಒಂದನ್ನು ಕೊಂಡವನು ಎರಡನೆಯದನ್ನು ಅರಸುತ್ತಾನೆ. ಒಂದರಲ್ಲಿ ಹಿನ್ನೆಲೆ ಸುಳಿಯಾಗಿ ಕಾಣುತ್ತದೆ, ಇನ್ನೊಂದರಲ್ಲಿ ಬಣ್ಣ ಮೃದುವಾಗಿ ಬರುತ್ತದೆ ಎಂಬ ನೆಪಗಳಿಗೆ ಕೊನೆಯಿಲ್ಲ. ಉಳಿತಾಯವೆಂದು ತೊಡಗಿದ್ದು ಸಂಗ್ರಹವಾಗಿ ಬೆಳೆಯುತ್ತದೆ. ವಸ್ತುವಿನ ಬೆಲೆಗಿಂತ ಅದರ ಮೇಲಣ ಮಮತೆಯನ್ನೇ ಪರಿಗ್ರಹದ ಲಕ್ಷಣವೆಂದು ಹೇಳಿದ ಆಚಾರ್ಯರ ಮುಂದೆ ಅಗ್ಗವಾಗಿ ದೊರೆಯಿತೆಂಬ ಸಮಾಧಾನ ನಿಲ್ಲುವುದಿಲ್ಲ.

ಸಂಗ್ರಹದ ಫಲವನ್ನು ಗಾಜಿನ ಮೇಲೆಯೇ ಕಾಣಬಹುದು. ಚರ್ಮದ ಚೀಲದಲ್ಲಿಟ್ಟು ಕತ್ತಲೆಯ ಬೀರುವಿನಲ್ಲಿ ಮರೆತ ಮಸೂರದೊಳಗೆ ಮಳೆಗಾಲದ ತೇವಕ್ಕೆ ಬೂಷ್ಟು ಹುಟ್ಟಿ ಜೇಡನ ನೂಲಿನಂತೆ ಹರಡುತ್ತದೆ. ತುಮಕೂರು ಸೀಮೆಯ ಹವೆ ಮಲೆನಾಡಿನಷ್ಟು ತೇವವಲ್ಲದಿದ್ದರೂ ಈ ಭಯ ಇಲ್ಲಿಯೂ ಇದೆ. ಬಿಟ್ಟರೆ ಅದು ಸ್ರವಿಸುವ ಆಮ್ಲ ಗಾಜಿನ ಲೇಪನವನ್ನು ತಿನ್ನುತ್ತದೆ. ಒರೆಸಿದರೆ ಏಕೇಂದ್ರಿಯ ಜೀವಗಳ ನಾಶವಾಗುತ್ತದೆ. ಅಣುವ್ರತಿಯು ಸ್ಥಾವರ ಜೀವಗಳ ಹಿಂಸೆಯನ್ನು ಪೂರ್ತಿಯಾಗಿ ಬಿಡಲಾರನೆಂಬುದು ನಿಜ. ಆದರೆ ನಿಷ್ಪ್ರಯೋಜನವಾದ ಹಿಂಸೆಯಿಂದ ಅವನು ದೂರವಿರಬೇಕೆಂಬುದೇ ಅನರ್ಥದಂಡವಿರತಿ. ಅಗತ್ಯವನ್ನು ಮೀರಿ ಭೋಗೋಪಭೋಗದ ವಸ್ತುಗಳನ್ನು ಕೂಡಿಹಾಕುವುದನ್ನು ತತ್ತ್ವಾರ್ಥಸೂತ್ರವು ಈ ವ್ರತದ ಅತಿಚಾರಗಳಲ್ಲಿಯೇ ಎಣಿಸಿದೆ. ಲೋಭದ ದೋಷವನ್ನು ಹಿಂಸೆಯ ಪಟ್ಟಿಗೆ ಏಕೆ ಸೇರಿಸಿದರೆಂಬುದು ಬೂಷ್ಟು ಹಿಡಿದ ಗಾಜನ್ನು ನೋಡಿದವನಿಗೆ ತಿಳಿಯುತ್ತದೆ. ಬಳಸದೆ ಕೂಡಿಟ್ಟದ್ದರಲ್ಲಿ ಜೀವೋತ್ಪತ್ತಿಗೆ ಎಡೆಯಾಯಿತು. ಎಡೆಯಾದ ಮೇಲೆ ಕೊಲ್ಲುವ ಪ್ರಸಂಗ ಬಂದಿತು.

ಇದಕ್ಕೆ ಪರಿಹಾರ ಯತ್ನಾಚಾರ. ನೀರನ್ನು ಸೋಸುವ, ಧಾನ್ಯವನ್ನು ಬಿಸಿಲಿಗೆ ಹರಡುವ ಮನೆಗಳಿಗೆ ಇದು ಹೊಸ ಪಾಠವಲ್ಲ. ಮಸೂರವನ್ನು ಆಗಾಗ ಬಳಸಬೇಕು, ಗಾಳಿ ಬೆಳಕು ತಾಗಿಸಬೇಕು, ಚರ್ಮದ ಚೀಲವನ್ನು ಬಿಟ್ಟು ಸಿಲಿಕಾ ಜೆಲ್ ಪೊಟ್ಟಣವಿಟ್ಟ ಒಣ ಡಬ್ಬಿಯಲ್ಲಿಡಬೇಕು. ಇಷ್ಟು ಆರೈಕೆಯನ್ನು ಎಷ್ಟು ಮಸೂರಗಳಿಗೆ ಮಾಡಲು ಸಾಧ್ಯವೋ ಅದೇ ಪರಿಗ್ರಹ ಪರಿಮಾಣದ ಸಂಖ್ಯೆಯಾಗಲಿ. ಹಣದ ಚೀಲವನ್ನು ನೋಡಿ ಹಾಕಿಕೊಂಡ ಮಿತಿ ವ್ಯಾಪಾರ ಕುದುರಿದ ವರ್ಷ ಹಿಗ್ಗುತ್ತದೆ. ಆರೈಕೆಯನ್ನು ನೋಡಿ ಹಾಕಿಕೊಂಡ ಮಿತಿ ಹಾಗೆ ಹಿಗ್ಗಲಾರದು. ದಿನದ ಗಂಟೆಗಳು ಶ್ರೀಮಂತನಿಗೂ ಅಷ್ಟೇ.

ಮಿತಿಗೆ ಮೀರಿದವನ್ನು ಬಳಸುವವರಿಗೆ ಕೊಡುವುದು ಉಚಿತ. ಮಾರುವುದಾದರೆ ಗಾಜಿಗೆ ದೀಪ ಹಿಡಿದು ಒಳಗಿನ ಬೂಷ್ಟನ್ನೂ ಗೀರನ್ನೂ ಕೊಳ್ಳುವವನಿಗೆ ತೋರಿಸಿ ಬೆಲೆ ಹೇಳಬೇಕು. ದೋಷವನ್ನು ಮುಚ್ಚಿ ಶುದ್ಧವೆಂದು ಮಾರುವುದು, ಅಚೌರ್ಯವ್ರತದ ಅತಿಚಾರವಾದ ಪ್ರತಿರೂಪಕ ವ್ಯವಹಾರಕ್ಕೆ ಸಮೀಪವಾದುದು. ಹಳೆಯದೆಂಬ ಮಾತ್ರಕ್ಕೆ ವಸ್ತುವಿಗೆ ಪಾವಿತ್ರ್ಯ ಬರುವುದಿಲ್ಲ. ಹೊಸದೆಂಬ ಮಾತ್ರಕ್ಕೆ ದೋಷವೂ ಇಲ್ಲ. ಮನೆಯ ಬೀರುವಿನಲ್ಲಿ ಹಳೆಯ ಮಸೂರವಿರುವವರು ಈ ಮಳೆಗಾಲಕ್ಕೆ ಮುನ್ನ ಅದನ್ನು ಒಮ್ಮೆ ಹೊರತೆಗೆದು ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು.