ಕೇಳುವವರಿಗಾಗಿ ಕಾದ ಹತ್ತು ರಾಗ

ಹದಿಹರೆಯದವರಿರುವ ಮನೆಗಳಲ್ಲಿ ಮುಚ್ಚಿದ ಬಾಗಿಲಾಚೆಯಿಂದ ಒಂದೇ ಸಮನೆ ‘ಧಂ ಧಂ’ ಎಂಬ ಸದ್ದು ಕೇಳಿಬರುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಎಲೆಕ್ಟ್ರಾನಿಕ್ ಡಾನ್ಸ್ ಮ್ಯೂಸಿಕ್ ಎನ್ನುತ್ತಾರೆ ಮಕ್ಕಳು. ‘ಸ್ವಲ್ಪ ಕಮ್ಮಿ ಮಾಡು’ ಎಂದು ಕೂಗಿ ನಾವು ನಮ್ಮ ಕೆಲಸಕ್ಕೆ ಮರಳುತ್ತೇವೆ. ಇದು ಯಂತ್ರದ ಗದ್ದಲ, ಎಲ್ಲೋ ಹೊರಗಿನಿಂದ ಬಂದದ್ದು, ನಮ್ಮ ಕಿವಿಗೆ ಹೇಳಿದ್ದಲ್ಲ ಎಂದು ಕೇಳುವ ಮೊದಲೇ ತೀರ್ಮಾನಿಸಿರುತ್ತೇವೆ. ಆದರೆ ಈ ಬಗೆಯ ಸಂಗೀತದ ಒಂದು ಅಪೂರ್ವ ರೆಕಾರ್ಡ್ ಹುಟ್ಟಿದ್ದು ಮುಂಬಯಿಯಲ್ಲಿ, 1982ರಲ್ಲಿ. ಮಾಡಿದವರು ಚರಣಜಿತ್ ಸಿಂಗ್. ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ಗಿಟಾರ್, ಕೀಬೋರ್ಡ್ ನುಡಿಸಿಕೊಂಡು, ಹೆಸರು ತೆರೆಯ ಮೇಲೆ ಬಾರದೆ ದುಡಿದವರು.

ಡಿಸ್ಕೊ ಅಬ್ಬರದ ಆ ದಿನಗಳಲ್ಲಿ ಅವರು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ವಾದ್ಯಗಳನ್ನು ಜೋಡಿಸಿಕೊಂಡರು: ತಾಳಕ್ಕೆ ಟಿಆರ್-808, ಮಂದ್ರಕ್ಕೆ ಟಿಬಿ-303, ರಾಗಕ್ಕೆ ಜ್ಯೂಪಿಟರ್-8. ಭೈರವ್, ಲಲಿತ್, ಭೂಪಾಲಿ, ತೋಡಿ, ಮಾಲಕೌಂಸ್ ಮೊದಲಾದ ಹತ್ತು ರಾಗಗಳನ್ನು ನುಡಿಸಿ ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ತಟ್ಟೆ ತಂದರು. ಆ ಟಿಬಿ-303ರ ಕಥೆಯೂ ಸೊಗಸಾದದ್ದೇ. ಬಾಸ್ ಗಿಟಾರ್ ನುಡಿಸುವವರಿಲ್ಲದಾಗ ಅವರ ಜಾಗ ತುಂಬಲೆಂದು ಮಾಡಿದ ಪೆಟ್ಟಿಗೆ ಅದು. ಅದರ ದನಿ ಬಾಸ್ ಗಿಟಾರಿನಂತೆ ಇರಲೇ ಇಲ್ಲ. ಕೊಳ್ಳುವವರಿಲ್ಲದೆ 1984ರಲ್ಲಿ ತಯಾರಿಕೆ ನಿಂತಿತು. ಅಗ್ಗಕ್ಕೆ ಸಿಕ್ಕ ಹಳೆಯ ಪೆಟ್ಟಿಗೆಯ ಗುಂಡಿಗಳನ್ನು ತಿರುಗಿಸುತ್ತ ಶಿಕಾಗೋದ ಫ್ಯೂಚರ್ ತಂಡದ ಹುಡುಗರು 1987ರಲ್ಲಿ ‘ಆ್ಯಸಿಡ್ ಟ್ರ್ಯಾಕ್ಸ್’ ಹೊರತಂದಾಗ ‘ಆ್ಯಸಿಡ್ ಹೌಸ್’ ಎಂಬ ಹೊಸ ಪ್ರಕಾರವೇ ತೆರೆದುಕೊಂಡಿತು. ಅದೇ ಪೆಟ್ಟಿಗೆ ಅದಕ್ಕೂ ಐದು ವರ್ಷ ಮೊದಲೇ ಮುಂಬಯಿಯಲ್ಲಿ ರಾಗದ ಜೊತೆ ನಡೆದಿತ್ತು. ಆದರೆ ಇಲ್ಲಿ ತಟ್ಟೆ ಮಾರಾಟವಾಗಲಿಲ್ಲ. ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ 2002ರಲ್ಲಿ ದೆಹಲಿಯಲ್ಲಿ ಅದರದೊಂದು ಪ್ರತಿ ಸಿಕ್ಕಿತು. 2010ರಲ್ಲಿ ಅವರು ಅದನ್ನು ಮತ್ತೆ ಪ್ರಕಟಿಸಿದಾಗ ಯುರೋಪಿನ ತರುಣರು ಬೆರಗಾದರು. 28 ವರ್ಷ ಹಳೆಯದಾದದ್ದು ಅವರಿಗೆ ಹೊಚ್ಚಹೊಸ ರೆಕಾರ್ಡ್ ಆಗಿತ್ತು.

ಸಾಧ್ಯವಾದರೆ ಕೇಳಿ ನೋಡಿ. ಮೊದಲ ಸಲ ಬಿರುಸಿನ ಗತಿ, ಬದಲಾಗದ ತಾಳ ಇವಿಷ್ಟೇ ಕಿವಿಗೆ ಬೀಳುತ್ತವೆ. ಹಾಗಲಕಾಯಿ ಗೊಜ್ಜಿನಂತೆ ಇದಕ್ಕೂ ಎರಡನೆಯ ತುತ್ತು ಬೇಕು. ಆಗ ತಾಳ ನೆಲವಾಗಿ ಕೆಳಗಿಳಿದು, ಮೇಲೆ ಭೈರವ್ ರಾಗದ ಕೋಮಲ ಸ್ವರಗಳು ಒಂದೊಂದಾಗಿ ಎದ್ದುಬರುತ್ತವೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಕರ್ಯ ಆ 303ರಲ್ಲಿದೆ. ನಮ್ಮ ಮೀಂಡಿನ ದೂರದ ನೆಂಟನೆನ್ನಿ. ಕರ್ನಾಟಕ ಸಂಗೀತ ಕೇಳುವವರು ಭೂಪಾಲಿಯಲ್ಲಿ ಮೋಹನವನ್ನೂ ಮಾಲಕೌಂಸ್‌ನಲ್ಲಿ ಹಿಂದೋಳವನ್ನೂ ಗುರುತಿಸಿ ಖುಷಿಪಡಬಹುದು. ವಿಲಂಬಿತದ ಗಾಂಭೀರ್ಯ ಇದರಲ್ಲಿಲ್ಲ, ನಿಜ. ಅದಕ್ಕೆ ಧಾರವಾಡದ ಗವಾಯಿಗಳಿದ್ದಾರೆ. ಇದರ ಆನಂದವೇ ಬೇರೆ: ಮೈಗೆ ಹೆಜ್ಜೆ, ಮನಸ್ಸಿಗೆ ರಾಗ, ಎರಡೂ ಒಟ್ಟಿಗೆ. ಕೇಳುತ್ತ ಕೂತವರ ಬೆರಳು ತಾನಾಗಿಯೇ ಕುರ್ಚಿಯ ತೋಳಿನ ಮೇಲೆ ತಾಳ ಹಾಕತೊಡಗುತ್ತದೆ.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಸಮಾಧಾನ ಕೊಡುವ ಸಂಗತಿ, ಮೆಚ್ಚುಗೆ ಬಂದಾಗ ಅದನ್ನು ಕೇಳಲು ಚರಣಜಿತ್ ಸಿಂಗ್ ಇದ್ದರು ಎಂಬುದು. ಬೌಮನ್ ರೆಕಾರ್ಡನ್ನು ಮೆಚ್ಚಿ ಕಪಾಟಿನಲ್ಲಿಟ್ಟು ಸುಮ್ಮನಾಗಲಿಲ್ಲ. ಮುಂಬಯಿಗೆ ಹೋಗಿ ಮಾಡಿದವರನ್ನು ಕಂಡರು. ಎಪ್ಪತ್ತು ದಾಟಿದ ಆ ವಾದಕರು ಯುರೋಪಿನ ವೇದಿಕೆಗಳಲ್ಲಿ ಅದೇ ರಾಗಗಳನ್ನು ನುಡಿಸಿ, 2015ರ ಜುಲೈನಲ್ಲಿ ತೀರಿಕೊಂಡರು. ಇಂಥ ಭಾಗ್ಯ ಎಲ್ಲ ಕಲಾವಿದರಿಗೂ ಸಿಗುವುದಿಲ್ಲ. ಹೊಸ ಹಾಡೊಂದು ಸಿಕ್ಕಾಗ ನಾವು ಗೆಳೆಯರಿಗೆ ಕಳಿಸುತ್ತೇವೆ, ಮಾಡಿದವರಿಗೆ ಒಂದು ಮಾತು ಹೇಳುವುದನ್ನು ಮರೆಯುತ್ತೇವೆ. ಇವತ್ತು ಅದು ಕಷ್ಟವೂ ಅಲ್ಲ. ಬ್ಯಾಂಡ್‌ಕ್ಯಾಂಪ್‌ನಂಥ ತಾಣಗಳಲ್ಲಿ ಕೊಂಡರೆ ಬೆಲೆಯ ಹೆಚ್ಚಿನ ಪಾಲು ಕಲಾವಿದರಿಗೇ ಸಲ್ಲುತ್ತದೆ; 2020ರ ಮಾರ್ಚ್‌ನಿಂದೀಚೆಗೆ ಕೆಲವು ಶುಕ್ರವಾರಗಳಂದು ಆ ತಾಣ ತನ್ನ ಪಾಲನ್ನೂ ಬಿಟ್ಟುಕೊಡುತ್ತದೆ. ಈ ವಾರ ನಿಮಗೆ ಗೊತ್ತಿಲ್ಲದ ಒಂದು ರೆಕಾರ್ಡನ್ನು ಕೊನೆಯವರೆಗೆ ಕೇಳಿ. ಹಿಡಿಸಿದರೆ ಕೊಂಡುಕೊಳ್ಳಿ, ಮಾಡಿದವರಿಗೆ ಎರಡು ಸಾಲು ಬರೆಯಿರಿ.