ಸುಳ್ಳಾಗಬೇಕಾದ ಭವಿಷ್ಯ

ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿದ ನೋವು ಬೆನ್ನಿಗೆ ಹಾಯ್ದು, ವಾಂತಿ ನಿಲ್ಲದೆ ಪುಣೆಯ ಸಸೂನ್ ಆಸ್ಪತ್ರೆಯಂಥ ಕಡೆ ಬಂದು ಸೇರುವವರಲ್ಲಿ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ, ಆದವರೂ ಇರುತ್ತಾರೆ. ಪಿತ್ತಕೋಶದ ಕಲ್ಲು, ಮದ್ಯ ಇವೆರಡೇ ಮುಖ್ಯ ಕಾರಣಗಳು. ಐವರಲ್ಲಿ ಸುಮಾರು ನಾಲ್ವರು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಉಳಿದವರಲ್ಲಿ ಗ್ರಂಥಿ ಕೊಳೆಯಬಹುದು, ಶ್ವಾಸಕೋಶವೋ ಮೂತ್ರಪಿಂಡವೋ ಕೈಕೊಡಬಹುದು. ಮೊದಲ ದಿನ ಮಾತ್ರ ಎಲ್ಲರ ನರಳಾಟವೂ ಒಂದೇ. ಅಮೈಲೇಸ್, ಲೈಪೇಸ್ ಎಂಬ ರಕ್ತಪರೀಕ್ಷೆಗಳು ರೋಗ ಯಾವುದೆಂದು ಹೇಳುತ್ತವೆ, ಅದು ಎಲ್ಲಿಗೆ ಮುಟ್ಟೀತೆಂದು ಹೇಳವು. ತೀವ್ರತೆಯನ್ನು ಅಂದಾಜಿಸುವ 1974ರ ರಾನ್ಸನ್ ಅಂಕಪಟ್ಟಿ ಪೂರ್ತಿಯಾಗಲು 48 ಗಂಟೆ ಬೇಕು.

ಆದ್ದರಿಂದಲೇ ವೈದ್ಯರ ಕಣ್ಣು ರಕ್ತ ಹೆಪ್ಪುಗಟ್ಟುವಿಕೆಯ ಸೂಚಕಗಳ ಮೇಲೆ, ಅದರಲ್ಲೂ ಡಿ-ಡೈಮರ್ ಮೇಲೆ ಬಿದ್ದಿದೆ. ಇದಕ್ಕೆ ಗಟ್ಟಿಯಾದ ಕಾರಣವಿದೆ. ಉರಿಯೂತ ಕೆರಳಿದಾಗ ಸೂಕ್ಷ್ಮ ರಕ್ತನಾಳಗಳ ಒಳಪದರ ಗಾಯಗೊಂಡು ಅಲ್ಲಲ್ಲಿ ಚಿಕ್ಕ ಹೆಪ್ಪುಗಳು ಕಟ್ಟುತ್ತವೆ. ರಕ್ತ ಸಿಗದ ಅಂಗಾಂಶ ಸಾಯುತ್ತದೆ. ಆ ಹೆಪ್ಪಿನ ಫೈಬ್ರಿನ್ ಕರಗುವಾಗ ಉಳಿಯುವ ಚೂರೇ ಡಿ-ಡೈಮರ್. ಸಿಟ್ರೇಟ್ ಹಾಕಿದ ನೀಲಿ ಮುಚ್ಚಳದ ಟ್ಯೂಬನ್ನು ಗುರುತಿನವರೆಗೆ ತುಂಬಿ ಕಳಿಸಿದರೆ ಕೆಲವು ಗಂಟೆಗಳೊಳಗೆ ವರದಿ ಕೈಸೇರುತ್ತದೆ. ತೀವ್ರ ರೋಗಿಗಳಲ್ಲಿ ಈ ಅಂಕಿ ಹೆಚ್ಚಿರುವುದನ್ನು ಹಲವು ಅಧ್ಯಯನಗಳು ಕಂಡಿವೆ.

ಆದರೆ ಗುಂಪಿನ ಬಗ್ಗೆ ನಿಜವಾದದ್ದು ಎದುರಿಗಿರುವ ಒಬ್ಬ ರೋಗಿಯ ಬಗ್ಗೆ ತೀರ್ಪಾಗದು. 100 ರೋಗಿಗಳಲ್ಲಿ 20 ಮಂದಿ ತೀವ್ರ ಹಂತ ಮುಟ್ಟುತ್ತಾರೆಂದುಕೊಳ್ಳೋಣ. ಪರೀಕ್ಷೆ ಅವರಲ್ಲಿ 16 ಮಂದಿಯನ್ನು ಹಿಡಿದು, ಉಳಿದ 80ರಲ್ಲಿ 20 ಮಂದಿಯನ್ನು ತಪ್ಪಾಗಿ ಹಿಡಿದರೆ, ಅಪಾಯವೆಂದು ಗುರುತಾದ 36 ಮಂದಿಯಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಅಂಥ ಅಪಾಯವೇ ಇರುವುದಿಲ್ಲ. ವಯಸ್ಸು, ಗರ್ಭಾವಸ್ಥೆ, ಕ್ಯಾನ್ಸರ್, ಬೇರೆ ಸೋಂಕು, ಇತ್ತೀಚಿನ ಶಸ್ತ್ರಚಿಕಿತ್ಸೆ, ಯಾವುದಿದ್ದರೂ ಡಿ-ಡೈಮರ್ ಏರುತ್ತದೆ. ಕೋವಿಡ್‌ನಲ್ಲೂ ಅಷ್ಟೇ. ಮಹಾರಾಷ್ಟ್ರದ ಮೊದಲ ಕೋವಿಡ್ ರೋಗಿಗಳು 2020ರ ಮಾರ್ಚ್‌ನಲ್ಲಿ ಪತ್ತೆಯಾದದ್ದು ಪುಣೆಯಲ್ಲೇ. ಮುಂದಿನ ತಿಂಗಳುಗಳಲ್ಲಿ ಡಿ-ಡೈಮರ್ ಅಂಕಿ ಎಷ್ಟೋ ಮನೆಗಳ ನಿದ್ದೆ ಕೆಡಿಸಿತು.

ಹಾಗಿದ್ದರೆ ಪರೀಕ್ಷೆಯೇ ಬೇಡವೆನ್ನುವವರ ಆಕ್ಷೇಪ ಹಗುರವಾದದ್ದಲ್ಲ. ಆದರೆ ಅವರು ವೈದ್ಯಕೀಯದ ಮುನ್ಸೂಚನೆಯನ್ನು ಗ್ರಹಣದ ಲೆಕ್ಕದಂತೆ ಅಳೆಯುತ್ತಾರೆ. ನಾವೇನು ಮಾಡಿದರೂ ಗ್ರಹಣ ತಪ್ಪದು. ರೋಗದ ಮುನ್ಸೂಚನೆಯನ್ನು ಹೇಳುವುದೇ ಅದನ್ನು ತಪ್ಪಿಸುವುದಕ್ಕೆ. ಅಪಾಯ ಗುರುತಿಸಿ, ಹತ್ತಿರದಿಂದ ನೋಡಿಕೊಂಡು ರೋಗಿಯನ್ನು ಉಳಿಸಿದರೆ ಲೆಕ್ಕದ ಪುಸ್ತಕದಲ್ಲಿ ಮುನ್ಸೂಚನೆ ಸುಳ್ಳೆಂದು ದಾಖಲಾದೀತು. ಆ ಸುಳ್ಳೇ ಅದರ ಗೆಲುವು. ಹಾಗಾಗಿ ಸೂಚಕದ ಬೆಲೆಯನ್ನು ಅದು ಬದಲಿಸಿದ ನಿರ್ಧಾರದಿಂದಲೂ ಅಳೆಯಬೇಕು. ಉದಾಹರಣೆಗೆ, ಪುಣೆ ಜಿಲ್ಲೆಯದೇ ಆದ ಇಂದಾಪುರದಿಂದ ಪುಣೆ ನಗರಕ್ಕೆ 100 ಕಿಲೋಮೀಟರಿಗೂ ಹೆಚ್ಚು ದಾರಿ. ರೋಗಿಯನ್ನು ಐಸಿಯು ಇರುವಲ್ಲಿಗೆ ಇಂದೇ ಸಾಗಿಸಬೇಕೇ ಎಂಬ ಪ್ರಶ್ನೆಗೆ, ನಾಡಿ, ಉಸಿರು, ಮೂತ್ರದ ಪ್ರಮಾಣ, ಯೂರಿಯಾಗಳ ಜೊತೆಗಿಟ್ಟು ನೋಡಿದ ಡಿ-ಡೈಮರ್ ನೆರವಾದೀತು.

ಹೆದರಿಕೆಯಿಂದ ಚಿಕಿತ್ಸೆ ಅತಿಯಾಗುವ ಅಪಾಯವೂ ಇದೆ. 2022ರಲ್ಲಿ ಪ್ರಕಟವಾದ ವಾಟರ್‌ಫಾಲ್ ಎಂಬ ಪ್ರಯೋಗದಲ್ಲಿ ಈ ರೋಗಿಗಳಿಗೆ ಆರಂಭದಲ್ಲೇ ಬಿರುಸಾಗಿ ಡ್ರಿಪ್ ಕೊಟ್ಟದ್ದರಿಂದ ರೋಗದ ತೀವ್ರತೆ ತಗ್ಗಲಿಲ್ಲ. ದೇಹದಲ್ಲಿ ದ್ರವ ಮಿತಿಮೀರಿದವರು ಬಿರುಸಾಗಿ ಡ್ರಿಪ್ ಪಡೆದವರಲ್ಲಿ ಶೇ. 20ರಷ್ಟು, ಮಿತವಾಗಿ ಪಡೆದವರಲ್ಲಿ ಶೇ. 6ರಷ್ಟು. ಅಂಕಿ ಏರಿದೆಯೆಂದು ರಕ್ತ ತೆಳುಮಾಡುವ ಔಷಧವನ್ನು ಎಲ್ಲರಿಗೂ ಕೊಡುವುದಕ್ಕೂ ಸಾಕಷ್ಟು ಆಧಾರವಿಲ್ಲ. ನಿಮ್ಮವರ ವರದಿಯಲ್ಲಿ ಡಿ-ಡೈಮರ್ ಹೆಚ್ಚಿದ್ದರೆ, ಬದುಕುತ್ತಾರಾ ಎಂದು ಆ ಹಾಳೆಯನ್ನು ಕೇಳಬೇಡಿ. ಇನ್ನು ಎಷ್ಟು ಹೊತ್ತಿಗೆ ಮತ್ತೆ ನೋಡುತ್ತೀರಿ, ಏನು ಕೆಟ್ಟರೆ ಎಲ್ಲಿಗೆ ಸಾಗಿಸುತ್ತೀರಿ ಎಂದು ವೈದ್ಯರನ್ನು ಕೇಳಿ.