ಬಾಗಿಲು ಹಾಕಿಕೊಂಡ ಪ್ರಾರ್ಥನೆ

ಮನೆಗೆ ನೆಂಟರು ಬಂದ ರಾತ್ರಿ ಊಟದ ಮುಂಚಿನ ಪ್ರಾರ್ಥನೆ ಕೊಂಚ ಉದ್ದವಾಗುತ್ತದೆ, ದನಿಯೂ ತುಸು ಏರುತ್ತದೆ. ಯಾವ ಧರ್ಮದ ಮನೆಯಲ್ಲಾದರೂ ಇದನ್ನು ಕಾಣಬಹುದು. ಇದನ್ನು ಕಪಟವೆಂದರೆ ತೀರಾ ಕಠಿಣವಾದೀತು. ನಾಲ್ಕು ಜನ ಒಳ್ಳೆಯವರೆನ್ನಲಿ ಎಂಬ ಆಸೆ ಸಂಸಾರಿಗಳಾದ ನಮಗೆಲ್ಲ ಇದ್ದದ್ದೇ. ಕಥೋಲಿಕ ಕ್ರೈಸ್ತರ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ ಪೂಜೆಯಲ್ಲಿ ಓದುವ ಶುಭಸಂದೇಶ ಈ ಆಸೆಯನ್ನೇ ನೇರವಾಗಿ ಎತ್ತಿಕೊಳ್ಳುತ್ತದೆ. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟ ಬೂದಿಯನ್ನು ಗುರುಗಳು ಭಕ್ತರ ಹಣೆಗೆ ಹಚ್ಚುವ ದಿನ ಅದು. ಉಪವಾಸ ಮಾಡುವವರು ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಳ್ಳಲಿ, ಹಸಿದಿರುವುದು ಯಾರಿಗೂ ತಿಳಿಯದಿರಲಿ ಎಂಬ ಯೇಸುವಿನ ಉಪದೇಶವನ್ನು ಓದುವುದೂ ಅದೇ ದಿನ.

ಆ ಉಪದೇಶ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿದೆ. ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಯೇಸು ಒಂದೇ ಪ್ರಶ್ನೆಯಿಂದ ಪರೀಕ್ಷಿಸುತ್ತಾನೆ: ಇದು ಯಾರ ಕಣ್ಣಿಗಾಗಿ? ಇಲ್ಲಿ ನನಗೆ ಬಹಳ ಹಿಡಿಸಿದ್ದು ಅವನು ಹೇಳುವ ಉಪಾಯ. ಮೊದಲು ಉದ್ದೇಶವನ್ನು ಶುದ್ಧ ಮಾಡಿಕೊಂಡು ಆಮೇಲೆ ಪ್ರಾರ್ಥಿಸಿ ಎಂದು ಅವನು ಹೇಳುವುದಿಲ್ಲ. ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ ಎನ್ನುತ್ತಾನೆ, ಅಷ್ಟೇ. ನೋಡುವವರಿಲ್ಲದ ಕಡೆ ತೋರಿಕೆಗೆ ಆಹಾರವಿಲ್ಲ. ಅದು ತಾನಾಗಿಯೇ ಸೊರಗುತ್ತದೆ. ಹಾಗೆಂದು ಕೂಡಿ ಪ್ರಾರ್ಥಿಸುವುದನ್ನು ಅವನು ಬೇಡವೆನ್ನಲಿಲ್ಲ. ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು ಸಭಾಮಂದಿರಕ್ಕೆ ಹೋಗುವುದು ಅವನದೇ ವಾಡಿಕೆಯಾಗಿತ್ತು. ಬಾಗಿಲು ಹಾಕಿಕೊಳ್ಳಿ ಎಂಬ ಮಾತಿನ ಬೆನ್ನಿಗೇ ಯೇಸು ಶಿಷ್ಯರಿಗೆ ಒಂದು ಪ್ರಾರ್ಥನೆ ಕಲಿಸುತ್ತಾನೆ. ನಮಗೆ ಬೇಕಾದದ್ದು ಕೇಳುವ ಮೊದಲೇ ತಂದೆಯಾದ ದೇವರಿಗೆ ಗೊತ್ತು ಎಂದವನೇ, ಅಂದಂದಿನ ಆಹಾರವನ್ನು ಕೇಳಿ ಎಂದೂ ಹೇಳಿಕೊಡುತ್ತಾನೆ. ಮಗಳ ಪರೀಕ್ಷೆಗಾಗಿಯೋ ಯಜಮಾನರ ಜ್ವರ ಇಳಿಯಲೆಂದೋ ಮೊಂಬತ್ತಿ ಹಚ್ಚಿ, ಆಮೇಲೆ ತಮ್ಮದು ಸ್ವಾರ್ಥದ ಭಕ್ತಿ ಎಂದು ಕುಗ್ಗುವವರನ್ನು ಕಂಡಿದ್ದೇನೆ. ಅವರು ಕುಗ್ಗಬೇಕಾಗಿಲ್ಲ. ಯೇಸು ತಡೆದದ್ದು ತೋರಿಸಿಕೊಳ್ಳುವುದನ್ನು, ಕೇಳುವುದನ್ನಲ್ಲ.

12ನೇ ಶತಮಾನದಲ್ಲಿ ಫ್ರಾನ್ಸಿನ ಕ್ಲೇರ್ವೋ ಮಠದ ಹಿರಿಯನಾಗಿದ್ದ ಸಂತ ಬರ್ನಾರ್ಡ್ ದೇವರ ಮೇಲಿನ ಪ್ರೀತಿಯ ವಿಷಯವಾಗಿಯೇ ಒಂದು ಗ್ರಂಥ ಬರೆದ. ಅದರಲ್ಲಿ ಆ ಪ್ರೀತಿಗೆ ನಾಲ್ಕು ಮೆಟ್ಟಿಲುಗಳು. ಮೊದಲನೆಯದರಲ್ಲಿ ಮನುಷ್ಯ ತನ್ನನ್ನಷ್ಟೇ ಪ್ರೀತಿಸುತ್ತಾನೆ. ಎರಡನೆಯದರಲ್ಲಿ ದೇವರನ್ನು ಪ್ರೀತಿಸುತ್ತಾನೆ, ಆದರೆ ತನ್ನ ಪ್ರಯೋಜನಕ್ಕಾಗಿ. ನಮ್ಮಲ್ಲಿ ಹೆಚ್ಚಿನವರು ನಿಂತಿರುವುದು ಇಲ್ಲಿಯೇ, ಬರ್ನಾರ್ಡ್ ಇದನ್ನೂ ಪ್ರೀತಿಯ ಲೆಕ್ಕಕ್ಕೇ ಸೇರಿಸುತ್ತಾನೆ. ಕಷ್ಟ ಬಂದಾಗಲೆಲ್ಲ ಮತ್ತೆ ಮತ್ತೆ ಅದೇ ಬಾಗಿಲಿಗೆ ಹೋಗಿ, ಒಳಗಿರುವವನ ಪರಿಚಯವಾಗಿ, ಕೊನೆಗೆ ಅವನಿಗಾಗಿಯೇ ಅವನನ್ನು ಪ್ರೀತಿಸುವುದು ಮೂರನೆಯ ಮೆಟ್ಟಿಲು. ಚಕ್ಕುಲಿಯ ಆಸೆಗೆ ಅಜ್ಜಿಯ ಮನೆಗೆ ಓಡುತ್ತಿದ್ದ ಮಗು, ಅಜ್ಜಿಗೆ ಒಲೆ ಮುಂದೆ ಕೂರಲು ಆಗದ ಕಾಲಕ್ಕೂ ಹೋಗುತ್ತಲೇ ಇರುವುದಿಲ್ಲವೇ? ನಾಲ್ಕನೆಯ ಮೆಟ್ಟಿಲಿನಲ್ಲಿ ತನ್ನನ್ನೂ ದೇವರಿಗಾಗಿಯೇ ಪ್ರೀತಿಸಬೇಕು. ಈ ಜನ್ಮದಲ್ಲಿ ಅದನ್ನು ಪೂರ್ತಿಯಾಗಿ ಮುಟ್ಟುವುದು ದುರ್ಲಭವೆಂದು ಬರ್ನಾರ್ಡನೇ ಒಪ್ಪಿದ್ದಾನೆ.

ಮೂರನೆಯ ಮೆಟ್ಟಿಲಿಗೆ ಅಡುಗೆಮನೆಯಿಂದಲೂ ದಾರಿಯಿದೆ. ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬೊಬ್ಬ ಸಹೋದರನಿದ್ದ. ಮೊದಲು ಸೈನಿಕನಾಗಿದ್ದವನು, ಕಾಲು ಕುಂಟು. ಮಠದಲ್ಲಿ ಅವನ ಪಾಲಿಗೆ ಬಂದದ್ದು ಅಡುಗೆ ಕೆಲಸ. ಅವನಿಗೆ ಅದು ಸ್ವಭಾವತಃ ಒಗ್ಗದ ಕೆಲಸ. ಆದರೂ ಪಾತ್ರೆ ತೊಳೆಯುವುದರಿಂದ ಹಿಡಿದು ಎಲ್ಲವನ್ನೂ ದೇವರ ಮೇಲಿನ ಪ್ರೀತಿಗಾಗಿ ಮಾಡುತ್ತೇನೆಂದು ನಿಶ್ಚಯಿಸಿ, ಸುಮಾರು 15 ವರ್ಷ ಅದೇ ಒಲೆಯ ಮುಂದೆ ದುಡಿದ. ಪ್ರಾರ್ಥನೆಯ ಹೊತ್ತಿಗೂ ಕೆಲಸದ ಹೊತ್ತಿಗೂ ತನಗೆ ವ್ಯತ್ಯಾಸವೇ ಉಳಿದಿಲ್ಲ ಎನ್ನುವಷ್ಟು ಅದು ಅವನಿಗೆ ಸಿದ್ಧಿಸಿತು. ದೇವರ ಸನ್ನಿಧಿಯಲ್ಲಿ ಸದಾ ಇರುವ ಬಗೆಯನ್ನು ತಿಳಿಸಬೇಕೆಂದು ಒಬ್ಬರು ಬಹಳ ಒತ್ತಾಯಿಸಿದಾಗ ಅವನು ಕಾಗದ ಬರೆದದ್ದೇನೋ ನಿಜ. ಆದರೆ ಅದನ್ನು ಬೇರೆ ಯಾರಿಗೂ ತೋರಿಸಕೂಡದೆಂದು ಷರತ್ತು ಹಾಕಿದ್ದ. ಅವನ ಪತ್ರಗಳು ಪುಸ್ತಕವಾಗಿ ಹೊರಬಂದದ್ದು 1691ರಲ್ಲಿ ಅವನು ತೀರಿಕೊಂಡ ಮೇಲೆ. ಈ ವಾರ ನೀವೂ ಯಾರಾದರೊಬ್ಬರ ಹೆಸರು ಹಿಡಿದು, ಅವರ ಕಷ್ಟ ಪರಿಹಾರವಾಗಲೆಂದು ನಿಮ್ಮ ದೇವರಲ್ಲಿ ಕೇಳಿ. ಅಡುಗೆ ಮಾಡುತ್ತಲೇ ಕೇಳಿದರೂ ಆದೀತು. ಕೇಳಿದಿರೆಂಬುದನ್ನು ಮಾತ್ರ ಅವರಿಗೆ ಹೇಳಬೇಡಿ.